ಗ್ಯಾಸ್ ಫರ್ನೇಸ್: ಬಿಸಿಗಾಳಿ ಒಳಗೆ, ಹೊಗೆ ಹೊರಗೆ

ಮನೆ ಬೆಚ್ಚಗಿಡಲು ಗ್ಯಾಸ್ ಫರ್ನೇಸ್ ಹಾಕಿಸುವಾಗ ಎಲ್ಲರ ಕಣ್ಣೂ ಗ್ಯಾಸ್ ಪೈಪಿನ ಮೇಲೇ ಇರುತ್ತದೆ. ಎಲ್ಲಿ ಸೋರುತ್ತದೋ ಎಂಬ ಭಯ. ಆ ಭಯ ಇರಬೇಕಾದ್ದೇ. ಆದರೆ ಗ್ಯಾಸ್ ಸೋರಿದರೆ ಮೂಗಿಗೆ ತಿಳಿಯುತ್ತದೆ. ಅದೇ ಗ್ಯಾಸ್ ಉರಿದ ಮೇಲೆ ಬರುವ ಹೊಗೆ ಮನೆಯೊಳಗೇ ಉಳಿದರೆ ಮೂಗಿಗೂ ತಿಳಿಯುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಹಾಗಾಗಿ ಇಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುವುದು ಹೊಗೆಯ ದಾರಿಯ ಹತ್ತಿರ.

ಗ್ಯಾಸಿಗೆ ಹುಟ್ಟಿನಿಂದ ವಾಸನೆ ಇಲ್ಲ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ, ನೆಲದಡಿ ಸೋರಿ ತುಂಬಿಕೊಂಡಿದ್ದ ಗ್ಯಾಸ್ ಸಿಡಿಯಿತು. 300ರ ಹತ್ತಿರ ಜನ ಸತ್ತರು, ಹೆಚ್ಚಿನವರು ಮಕ್ಕಳು. ಗ್ಯಾಸಿಗೆ ವಾಸನೆಯೇ ಇರಲಿಲ್ಲ, ಸೋರುತ್ತಿರುವುದು ತಿಳಿಯುವ ದಾರಿಯೂ ಇರಲಿಲ್ಲ. ಆಮೇಲೆ ಗ್ಯಾಸಿಗೆ ಕೊಳೆತ ಮೊಟ್ಟೆಯಂಥ ನಾತದ ಮರ್‌ಕ್ಯಾಪ್ಟನ್ ಬೆರೆಸುವುದು ಕಡ್ಡಾಯವಾಯಿತು. ಇವತ್ತು ನಮ್ಮ ಮೂಗಿಗೆ ಬಡಿಯುವ ಗ್ಯಾಸ್ ವಾಸನೆ ಆ ದುರಂತ ಕಲಿಸಿದ ಪಾಠ. ಆದರೆ ಬರ್ನರಿನ ಬೆಂಕಿಯಲ್ಲಿ ಈ ನಾತವೂ ಸುಟ್ಟುಹೋಗುತ್ತದೆ. ಉರಿದ ಮೇಲಿನ ಗಾಳಿಯಲ್ಲಿ ಮೂಗಿಗೆ ಸಿಗುವಂಥದ್ದು ಏನೂ ಉಳಿಯುವುದಿಲ್ಲ.

ಒಂದು ಪೆಟ್ಟಿಗೆ, ಎರಡು ಗಾಳಿ

ಫರ್ನೇಸ್ ನೋಡಲು ಬೀರುವಿನಂಥ ತಗಡಿನ ಪೆಟ್ಟಿಗೆ. ಅದರೊಳಗೆ ಎರಡು ಗಾಳಿ ಓಡಾಡುತ್ತವೆ. ಒಂದು ಮನೆಯ ಗಾಳಿ. ಕೋಣೆಗಳಿಂದ ತಣ್ಣಗೆ ಬಂದು, ಬಿಸಿಯಾಗಿ, ದೊಡ್ಡ ಬ್ಲೋವರ್ ಫ್ಯಾನ್ ತಳ್ಳಿದಂತೆ ಡಕ್ಟುಗಳಲ್ಲಿ, ಅಂದರೆ ಗಾಳಿ ಹರಿಯುವ ಕೊಳವೆಗಳಲ್ಲಿ, ವಾಪಸ್ ಕೋಣೆಗಳಿಗೆ ಹೋಗುತ್ತದೆ. ಇನ್ನೊಂದು ಬೆಂಕಿಯ ಗಾಳಿ. ಬರ್ನರಿಗೆ ಬಂದು, ಗ್ಯಾಸಿನ ಜೊತೆ ಉರಿದು, ಹೊಗೆಯಾಗಿ ಮನೆಯ ಹೊರಗೆ ಹೋಗಬೇಕು. ಇವೆರಡರ ನಡುವೆ ಇರುವುದು ತೆಳು ಲೋಹದ ಗೋಡೆ. ಅದಕ್ಕೆ ಹೀಟ್ ಎಕ್ಸ್‌ಚೇಂಜರ್ ಅನ್ನುತ್ತಾರೆ. ಒಳಗಡೆ ಬೆಂಕಿ, ಹೊರಗಡೆ ನಾವು ಉಸಿರಾಡುವ ಗಾಳಿ. ಶಾಖ ಮಾತ್ರ ಗೋಡೆ ದಾಟಬೇಕು, ಬೇರೇನೂ ದಾಟಬಾರದು.

ಫರ್ನೇಸ್ ಕೂರಿಸುವ ಕೆಲಸದಲ್ಲಿ ನೂರೆಂಟು ನಿಯಮಗಳಿವೆ. ಬಹುಪಾಲು ನಿಯಮಗಳ ಬೇರು ಇದೊಂದೇ: ಈ ಎರಡು ಗಾಳಿ ಎಲ್ಲೂ ಬೆರೆಯಬಾರದು. ಇದನ್ನು ತಲೆಯಲ್ಲಿಟ್ಟುಕೊಂಡರೆ ಒಂದೊಂದು ನಿಯಮಕ್ಕೂ ಕಾರಣ ತಾನಾಗಿಯೇ ಹೊಳೆಯುತ್ತದೆ.

ಇನ್ನು ಬೆಂಕಿಯ ಲೆಕ್ಕ. ಒಂದು ಪಾಲು ನೈಸರ್ಗಿಕ ಅನಿಲ ಉರಿಯಲು ಸುಮಾರು 10 ಪಾಲು ಗಾಳಿ ಬೇಕು. ಅಂದರೆ ಫರ್ನೇಸ್ ತಿನ್ನುವುದು ಗ್ಯಾಸಿಗಿಂತ ಗಾಳಿಯನ್ನೇ ಜಾಸ್ತಿ. ಸಾಕಷ್ಟು ಗಾಳಿ ಸಿಕ್ಕರೆ ಹೊರಬರುವುದು ಇಂಗಾಲದ ಡೈ ಆಕ್ಸೈಡ್ ಮತ್ತು ನೀರಿನ ಆವಿ. ಆವಿ ಅಂದರೆ ಸ್ವಲ್ಪಸ್ವಲ್ಪ ಅಲ್ಲ. ಒಂದು ಘನ ಮೀಟರ್ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಹುಟ್ಟುತ್ತದೆ. ಈ ನೀರಿನ ಕತೆ ಮುಂದೆ ಮತ್ತೆ ಬರುತ್ತದೆ.

ಗಾಳಿ ಕಡಿಮೆ ಬಿದ್ದರೆ, ಅಥವಾ ಹೊರಹೋಗಬೇಕಾದ ಹೊಗೆ ಬರ್ನರಿನ ಹತ್ತಿರವೇ ಸುತ್ತಿಕೊಂಡರೆ, ಗ್ಯಾಸ್ ಅರ್ಧಂಬರ್ಧ ಉರಿಯುತ್ತದೆ. ಆಗ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್. ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಸುಸ್ತು. ಜ್ವರ ಬರುವ ಹಾಗಿದೆ ಅಂದುಕೊಂಡು ಜನ ಹೊದ್ದು ಮಲಗುತ್ತಾರೆ. ಕೆಲವರು ಅಲ್ಲಿಂದ ಏಳುವುದೇ ಇಲ್ಲ. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದಾಗ ಹಗುರವಾದರೆ, ಅದನ್ನು ಜ್ವರ ಅಂತ ತಳ್ಳಿಹಾಕಬೇಡಿ.

ಶುರುವಾಗುವುದನ್ನು ಕೇಳಿಸಿಕೊಳ್ಳಿ

ಥರ್ಮೋಸ್ಟಾಟ್ ಏರಿಸಿ ಫರ್ನೇಸಿನ ಮುಂದೆ ಒಂದೆರಡು ನಿಮಿಷ ನಿಂತುಕೊಳ್ಳಿ. ಮೊದಲು ಸಣ್ಣ ಮೋಟಾರೊಂದು ಗುಯ್ಯೆನ್ನುತ್ತದೆ. ಅದು ಇಂಡ್ಯೂಸರ್. ಬೆಂಕಿ ಹತ್ತುವ ಮೊದಲೇ ಹೊಗೆಯ ದಾರಿಯನ್ನು ಎಳೆದು ಖಾಲಿ ಮಾಡುತ್ತದೆ. ಎಳೆತ ನಿಜವಾಗಿಯೂ ಇದೆಯಾ ಎಂದು ಪ್ರೆಶರ್ ಸ್ವಿಚ್ ನೋಡುತ್ತದೆ. ಇದ್ದರೆ ಮಾತ್ರ ಟಿಕ್ ಎಂದು ಕೂಡಿಕೊಂಡು ಮುಂದಿನ ಹೆಜ್ಜೆಗೆ ಕರೆಂಟ್ ಬಿಡುತ್ತದೆ. ಆಮೇಲೆ ಇಗ್ನೈಟರ್ ಕೆಂಡದಂತೆ ಕೆಂಪಾಗುತ್ತದೆ, ಗ್ಯಾಸ್ ವಾಲ್ವ್ ತೆರೆಯುತ್ತದೆ, ಬರ್ನರುಗಳ ಮೇಲೆ ಒಂದರ ಹಿಂದೊಂದು ನೀಲಿ ಜ್ವಾಲೆ ಹತ್ತುತ್ತದೆ. ಜ್ವಾಲೆ ಹತ್ತಿದ್ದನ್ನು ಫ್ಲೇಮ್ ಸೆನ್ಸರ್ ಎಂಬ ಸಣ್ಣ ಕಡ್ಡಿ ಕಂಡುಕೊಳ್ಳುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಜ್ವಾಲೆ ಕಾಣದಿದ್ದರೆ ಗ್ಯಾಸ್ ಬಂದ್. ಎಲ್ಲ ಸರಿಯಾದ ಮೇಲೆ, ಅರ್ಧ ನಿಮಿಷದ ಆಸುಪಾಸಿನಲ್ಲಿ, ದೊಡ್ಡ ಬ್ಲೋವರ್ ತಿರುಗಲು ಶುರುವಾಗುತ್ತದೆ.

ಈ ಸರಣಿಯಲ್ಲಿ ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಗೆ ಕಾಯುತ್ತದೆ. ಹೊಗೆಗೆ ದಾರಿ ಇಲ್ಲದೆ ಗ್ಯಾಸ್ ತೆರೆಯಬಾರದು ಅನ್ನುವುದೇ ಇದರ ಜೀವಾಳ. ಆದ್ದರಿಂದ ಫರ್ನೇಸ್ ಪದೇಪದೇ ನಿಲ್ಲುತ್ತಿದೆ ಅಂತ ಪ್ರೆಶರ್ ಸ್ವಿಚ್ಚಿನ ತಂತಿಗಳನ್ನು ಒಂದಕ್ಕೊಂದು ಸೇರಿಸಿ ಓಡಿಸುವವರನ್ನು ದಯವಿಟ್ಟು ತಡೆಯಿರಿ. ಸ್ವಿಚ್ ಮಾತು ಕೇಳುತ್ತಿಲ್ಲ ಅನ್ನಿಸಿದಾಗ ಅದು ಬಹಳ ಸಲ ನಿಜವನ್ನೇ ಹೇಳುತ್ತಿರುತ್ತದೆ.

ಬೆಂಕಿಗೆ ಗಾಳಿ ಎಲ್ಲಿಂದ?

ಫರ್ನೇಸನ್ನು ಸಣ್ಣ ಕೋಣೆಯಲ್ಲಿಟ್ಟು, ಸದ್ದು ಕೇಳಬಾರದೆಂದು ಬಾಗಿಲು ಬಿಗಿಯಾಗಿ ಮುಚ್ಚುವುದು ಸಾಮಾನ್ಯ. ಹೊಗೆಯ ತೊಂದರೆ ಬಹಳ ಸಲ ಇಲ್ಲಿಂದಲೇ ಶುರು.

ಅಮೆರಿಕದಲ್ಲಿ ಈ ಕೆಲಸಕ್ಕೆ ಆಧಾರವಾಗಿರುವ ನ್ಯಾಷನಲ್ ಫ್ಯೂಯಲ್ ಗ್ಯಾಸ್ ಕೋಡ್, ಅಂದರೆ ಎನ್‌ಎಫ್‌ಪಿಎ 54, ಒಂದು ಸರಳ ಲೆಕ್ಕ ಕೊಡುತ್ತದೆ. ಮನೆಯೊಳಗಿನ ಗಾಳಿಯನ್ನೇ ಬಳಸುವುದಾದರೆ, ಗಂಟೆಗೆ 1,000 ಬಿಟಿಯು ಶಕ್ತಿಗೆ (ಬಿಟಿಯು ಅಂದರೆ ಶಾಖ ಅಳೆಯುವ ಒಂದು ಮಾನ) 50 ಘನ ಅಡಿ ಜಾಗ ಬೇಕು. 80,000 ಬಿಟಿಯು ಫರ್ನೇಸ್, ಅದರ ಪಕ್ಕದಲ್ಲಿ 40,000ದ ವಾಟರ್ ಹೀಟರ್ ಇದೆ ಅನ್ನಿ. ಒಟ್ಟು 1,20,000. ಅದಕ್ಕೆ 6,000 ಘನ ಅಡಿ ಜಾಗ ಬೇಕು. ಸೂರು 8 ಅಡಿ ಎತ್ತರವಿದ್ದರೆ 750 ಚದರ ಅಡಿ ಆಯಿತು. ಯಾವ ಫರ್ನೇಸ್ ಕೋಣೆ ಅಷ್ಟು ದೊಡ್ಡದಿರುತ್ತದೆ? ಅದಕ್ಕೇ ಪಕ್ಕದ ದೊಡ್ಡ ಜಾಗಕ್ಕೆ ಎರಡು ಕಿಂಡಿ ಬಿಡಬೇಕು. ಒಂದು ಸೂರಿನಿಂದ 12 ಇಂಚಿನೊಳಗೆ, ಇನ್ನೊಂದು ನೆಲದಿಂದ 12 ಇಂಚಿನೊಳಗೆ. ಒಂದೊಂದೂ 1,000 ಬಿಟಿಯುಗೆ 1 ಚದರ ಇಂಚಿನಂತೆ, ಕನಿಷ್ಠ 100 ಚದರ ಇಂಚು. ನಮ್ಮ ಉದಾಹರಣೆಗೆ ಒಂದೊಂದೂ 120 ಚದರ ಇಂಚು. ಮುಂದೆ ಜಾಲರಿ ಹಾಕಿದರೆ ಅದರ ಪಟ್ಟಿಗಳು ತಿನ್ನುವ ಜಾಗವನ್ನು ಕಳೆದು ಲೆಕ್ಕ ಹಿಡಿಯಬೇಕು. ಇದನ್ನು ಬಹಳ ಜನ ಮರೆಯುತ್ತಾರೆ.

ಸಂದು ಬಿಡದಂತೆ ಬಿಗಿಯಾಗಿ ಕಟ್ಟಿದ ಹೊಸ ಮನೆಗಳಲ್ಲಿ ಈ ಲೆಕ್ಕವೂ ಸಾಲದು. ಅಲ್ಲಿ ಹೊರಗಿನ ಗಾಳಿಯನ್ನೇ ಪೈಪಿನಲ್ಲಿ ನೇರ ಬರ್ನರಿಗೆ ತರುವ, ಮೊಹರು ಮಾಡಿದ ಫರ್ನೇಸ್ ವಾಸಿ. ಒಂದು ಪೈಪ್ ಒಳಗೆ, ಒಂದು ಪೈಪ್ ಹೊರಗೆ. ಮನೆಯ ಗಾಳಿಯ ಗೊಡವೆಯೇ ಇಲ್ಲ. ಹೊಸದಾಗಿ ಹಾಕಿಸುವವರು ಕೇಳಿದರೆ ನಾನು ಹೇಳುವುದು ಇದನ್ನೇ.

ಇನ್ನೊಂದು ಮಾತು. ಬ್ಲೀಚ್, ಪೇಂಟ್ ಥಿನ್ನರ್ ಡಬ್ಬಗಳನ್ನು ಫರ್ನೇಸ್ ಕೋಣೆಯಲ್ಲಿ ಇಡಬೇಡಿ. ಬೆಂಕಿ ಹೊತ್ತಿಕೊಳ್ಳುವ ಭಯ ಒಂದು ಕಡೆ ಇರಲಿ. ಕ್ಲೋರಿನ್ ಇರುವ ಆವಿ ಬೆಂಕಿಗೆ ಹೋದರೆ ಆಮ್ಲವಾಗುತ್ತದೆ. ಅದು ಹೀಟ್ ಎಕ್ಸ್‌ಚೇಂಜರನ್ನು ಒಳಗಿಂದೊಳಗೇ ತಿನ್ನುತ್ತದೆ. ಆ ತೆಳು ಗೋಡೆಯಲ್ಲಿ ತೂತು ಬಿದ್ದರೆ ಏನಾಗುತ್ತದೆಂದು ಈಗ ಹೇಳಬೇಕಾಗಿಲ್ಲ, ಅಲ್ವಾ?

ಹೊಗೆಯ ಪೈಪು: ಬಿಸಿ ಹೊಗೆ, ತಣ್ಣನೆ ಹೊಗೆ

ಫರ್ನೇಸುಗಳಲ್ಲಿ ಎರಡು ಮುಖ್ಯ ಜಾತಿ. ಒಂದು ಗ್ಯಾಸಿನ ಶಾಖದಲ್ಲಿ ಶೇಕಡ 80ರಷ್ಟನ್ನು ಮನೆಗೆ ಕೊಡುವುದು. ಉಳಿದ ಶಾಖ ಹೊಗೆಯ ಜೊತೆ ಹೋಗುತ್ತದೆ. ಆ ಹೊಗೆ 150 ಡಿಗ್ರಿ ಸೆಲ್ಸಿಯಸ್‌ನ ಆಚೀಚೆ ಬಿಸಿ ಇರುತ್ತದೆ. ಬಿಸಿ ಇರುವುದರಿಂದ ಹಗುರ, ಹಗುರವಾದ್ದರಿಂದ ತಾನೇ ಮೇಲೇರುತ್ತದೆ. ಇದಕ್ಕೆ ಲೋಹದ ಪೈಪೇ ಆಗಬೇಕು. ಬಿ-ವೆಂಟ್ ಎಂಬ ಎರಡು ಪದರದ ಪೈಪಿನಲ್ಲಿ ಒಳಗೆ ಅಲ್ಯೂಮಿನಿಯಂ, ಹೊರಗೆ ಸತು ಲೇಪಿಸಿದ ಉಕ್ಕು, ನಡುವೆ ಗಾಳಿ. ಮರಮಟ್ಟುಗಳಿಂದ ಇದನ್ನು 1 ಇಂಚು ದೂರ ಇಟ್ಟರೆ ಸಾಕು. ಒಂದೇ ಪದರದ ತಗಡಿನ ಪೈಪಾದರೆ 6 ಇಂಚು ಬೇಕು.

ಇನ್ನೊಂದು ಶೇಕಡ 90 ದಾಟಿದ್ದು. ಇದರಲ್ಲಿ ಎರಡನೆಯ ಹೀಟ್ ಎಕ್ಸ್‌ಚೇಂಜರ್ ಇರುತ್ತದೆ. ಅದು ಹೊಗೆಯನ್ನು ಇನ್ನೂ ಹಿಂಡುತ್ತದೆ. ಹೊಗೆ ಸುಮಾರು 55 ಡಿಗ್ರಿಗಿಂತ ಕೆಳಗೆ ಇಳಿದಾಗ ಅದರಲ್ಲಿದ್ದ ಆವಿ ನೀರಾಗುತ್ತದೆ. ಆಗಲೇ ಹೇಳಿದೆನಲ್ಲ, ಘನ ಮೀಟರಿಗೆ ಒಂದೂವರೆ ಲೀಟರ್ ಅಂತ. ಅದರಲ್ಲಿ ಒಂದು ದೊಡ್ಡ ಪಾಲು ಇಲ್ಲಿ ಹನಿಹನಿಯಾಗಿ ಬೀಳುತ್ತದೆ. ಬೀಳುವಾಗ ಆವಿಯೊಳಗಿನ ಶಾಖವನ್ನೂ ಬಿಟ್ಟುಕೊಡುತ್ತದೆ. ಮೊದಲ ಜಾತಿಗಿಂತ ಹೆಚ್ಚುವರಿ ಶಾಖ ಬರುವುದು ಅಲ್ಲಿಂದ. ಹೊಗೆ ಎಷ್ಟು ತಣ್ಣಗಿರುತ್ತದೆ ಅಂದರೆ ಪಿವಿಸಿ ಪೈಪಿನಲ್ಲಿ ಬಿಡಬಹುದು. ಆದರೆ ತಣ್ಣಗಿನ ಹೊಗೆ ತಾನಾಗಿ ಏರುವುದಿಲ್ಲ, ಇಂಡ್ಯೂಸರ್ ತಳ್ಳಬೇಕು. ತಳ್ಳುವ ಪೈಪಿನಲ್ಲಿ ಒತ್ತಡ ಇರುವುದರಿಂದ ಒಂದು ಕೀಲು ಬಿಟ್ಟುಕೊಂಡರೂ ಹೊಗೆ ಮನೆಯೊಳಗೆ ಬರುತ್ತದೆ. ಅದಕ್ಕೇ ಪ್ರತಿ ಕೀಲಿಗೂ ಪ್ರೈಮರ್, ಸಾಲ್ವೆಂಟ್ ಸಿಮೆಂಟ್ ಹಚ್ಚಿ ಬಿಗಿಯಬೇಕು. ಸುಮ್ನೆ ತುರುಕಿ ಬಿಟ್ಟರೆ ಆಗದು. ಎಂಥ ಪೈಪು, ಎಷ್ಟು ಅಗಲ, ಎಷ್ಟು ಉದ್ದ, ಎಷ್ಟು ತಿರುವು ಎಂಬುದು ಆಯಾ ಫರ್ನೇಸಿನ ಕೈಪಿಡಿಯಲ್ಲಿರುತ್ತದೆ. ಒಂದೊಂದು ಎಲ್ಬೋವನ್ನೂ ಇಷ್ಟು ಅಡಿ ಪೈಪಿಗೆ ಸಮ ಅಂತ ಎಣಿಸಬೇಕು.

ಎರಡಕ್ಕೂ ವಾಟ ಬೇಕು. ಫರ್ನೇಸಿನಿಂದ ಹೊರಗೆ ಹೋಗುತ್ತಾ ಪೈಪು ಒಂದಡಿಗೆ ಕಾಲು ಇಂಚು ಏರಬೇಕು. ವಾಟ ಒಂದೇ ಆದರೂ ಕಾರಣ ಬೇರೆ. ಬಿಸಿ ಹೊಗೆಯ ಪೈಪಿನಲ್ಲಿ ಹೊಗೆ ಮೇಲಕ್ಕೆ ಹರಿಯಲಿ ಎಂದು. ತಣ್ಣನೆ ಹೊಗೆಯ ಪೈಪಿನಲ್ಲಿ ನೀರು ಕೆಳಕ್ಕೆ, ಫರ್ನೇಸಿನಲ್ಲಿ ನೀರು ಹಿಡಿಯುವ ಟ್ರ್ಯಾಪಿಗೆ ವಾಪಸ್ ಹರಿಯಲಿ ಎಂದು.

ಪರಿಚಯದವರೊಬ್ಬರ ಮನೆಯಲ್ಲಿ ಫರ್ನೇಸ್ ಚಳಿ ಜೋರಾದ ರಾತ್ರಿಗಳಲ್ಲೇ ನಿಲ್ಲುತ್ತಿತ್ತು. ಬಂದವರು ಪ್ರೆಶರ್ ಸ್ವಿಚ್ ಬದಲಿಸಿದರು, ಮತ್ತೆ ನಿಂತಿತು. ನಾನು ಹೋದಾಗ ಪೈಪಿನೊಳಗೆ ಗುಳುಗುಳು ಸದ್ದು ಕೇಳುತ್ತಿತ್ತು. ರಸಮಟ್ಟ ಇಟ್ಟು ನೋಡಿದೆವು. ಎರಡು ಹ್ಯಾಂಗರುಗಳ ನಡುವೆ ಪಿವಿಸಿ ಪೈಪು ಹೊಟ್ಟೆ ಬಿಟ್ಟಿತ್ತು. ಬೆರಳಿನ ಅಗಲದಷ್ಟು, ಅಷ್ಟೇ. ಆ ತಗ್ಗಿನಲ್ಲಿ ನೀರು ನಿಂತು ಹೊಗೆಯ ದಾರಿಯನ್ನು ಅರ್ಧ ಮುಚ್ಚಿತ್ತು. ಚಳಿ ಜಾಸ್ತಿಯಾದಷ್ಟೂ ಫರ್ನೇಸ್ ಜಾಸ್ತಿ ಹೊತ್ತು ಓಡುತ್ತಿತ್ತು, ನೀರೂ ಜಾಸ್ತಿ ನಿಲ್ಲುತ್ತಿತ್ತು. ನಡುವೆ ಇನ್ನೊಂದು ಹ್ಯಾಂಗರ್ ಹಾಕಿ ಪೈಪನ್ನು ಎತ್ತಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ. ಬದಲಿಸಿದ ಹಳೆಯ ಸ್ವಿಚ್ಚಿನಲ್ಲಿ ಯಾವ ದೋಷವೂ ಇರಲಿಲ್ಲ.

ಈ ನೀರು ಹುಳಿ, ಅಂದರೆ ಆಮ್ಲೀಯ. ಕಬ್ಬಿಣದ ಒಳಚರಂಡಿ ಪೈಪಿಗೆ ನೇರ ಬಿಡುವ ಬದಲು ಸುಣ್ಣಕಲ್ಲಿನ ಚೂರು ತುಂಬಿದ ನ್ಯೂಟ್ರಲೈಸರ್ ಮೂಲಕ ಹಾಯಿಸುವುದು ಒಳ್ಳೆಯದು. ಬೆಚ್ಚಗಿಲ್ಲದ ಅಟ್ಟದಲ್ಲಿ ಫರ್ನೇಸ್ ಇದ್ದರೆ ಈ ನೀರಿನ ಕೊಳವೆ ಹೆಪ್ಪುಗಟ್ಟದಂತೆ ನೋಡಿಕೊಳ್ಳಬೇಕು.

ಒಂಟಿಯಾದ ವಾಟರ್ ಹೀಟರ್

ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ ಇರುವುದು ಈ ವಿಷಯದ ಬಗ್ಗೆ. ಹಳೆ ಮನೆಗಳಲ್ಲಿ ಫರ್ನೇಸ್, ವಾಟರ್ ಹೀಟರ್ ಎರಡೂ ಒಂದೇ ಇಟ್ಟಿಗೆ ಚಿಮಣಿಗೆ ಹೊಗೆ ಬಿಡುತ್ತಿರುತ್ತವೆ. ಯಜಮಾನರು ಹಳೆ ಫರ್ನೇಸ್ ತೆಗೆಸಿ ಶೇಕಡ 95ರದ್ದು ಹಾಕಿಸುತ್ತಾರೆ. ಹೊಸದರ ಹೊಗೆ ಪಿವಿಸಿಯಲ್ಲಿ ಗೋಡೆಯಿಂದ ಆಚೆ ಹೋಗುತ್ತದೆ. ಕೆಲಸ ಅಚ್ಚುಕಟ್ಟು, ಎಲ್ಲರಿಗೂ ಖುಷಿ. ಹಿಂದೆ ಉಳಿದ ವಾಟರ್ ಹೀಟರನ್ನು ಯಾರೂ ನೋಡುವುದಿಲ್ಲ.

ಆ ಚಿಮಣಿ ಎರಡರ ಹೊಗೆಗೆ ಅಳತೆ ಮಾಡಿದ್ದು. ದೊಡ್ಡ ಫರ್ನೇಸಿನ ಬಿಸಿಯೇ ಅದನ್ನು ಬೆಚ್ಚಗಿಟ್ಟಿತ್ತು. ಈಗ ವಾಟರ್ ಹೀಟರಿನ ಸಣ್ಣ ಹೊಗೆ ಆ ದೊಡ್ಡ ತಣ್ಣನೆ ಬಾವಿಯೊಳಗೆ ಹೋಗಿ, ಮೇಲೇರುವ ಮೊದಲೇ ತಣ್ಣಗಾಗುತ್ತದೆ. ಆವಿ ಇಟ್ಟಿಗೆಗೆ ಹಿಡಿದು ನೀರಾಗಿ ಗಾರೆಯನ್ನು ಉದುರಿಸುತ್ತದೆ. ಎಳೆತ ಸೋತ ದಿನ ಹೊಗೆ ಕೋಣೆಗೇ ಚೆಲ್ಲುತ್ತದೆ. ಚಿಮಣಿಯೊಳಗೆ ಸರಿಯಾದ ಅಳತೆಯ ಲೋಹದ ಲೈನರ್, ಅಂದರೆ ಒಳಕೊಳವೆ, ಇಳಿಸುವುದೇ ಇದಕ್ಕೆ ಪರಿಹಾರ. ಫರ್ನೇಸಿನ ಅಂದಾಜು ಪಟ್ಟಿ ಬರೆಸುವ ದಿನವೇ, ವಾಟರ್ ಹೀಟರಿನ ಹೊಗೆ ಇನ್ನು ಮುಂದೆ ಹೇಗೆ ಹೋಗುತ್ತದೆ ಎಂದು ಕೇಳಿ.

ಎಳೆತ ಇದೆಯೋ ಇಲ್ಲವೋ ನೋಡುವ ಪರೀಕ್ಷೆ ಸುಲಭ. ಕಿಟಕಿ, ಹೊರಬಾಗಿಲು ಎಲ್ಲ ಮುಚ್ಚಿ. ಅಡುಗೆಮನೆಯ ಹುಡ್, ಬಚ್ಚಲಿನ ಫ್ಯಾನುಗಳು, ಬಟ್ಟೆ ಒಣಗಿಸುವ ಮಿಷನ್ ಎಲ್ಲ ಹಾಕಿ. ಇವೆಲ್ಲ ಮನೆಯ ಗಾಳಿಯನ್ನು ಹೊರಗೆ ಎಳೆಯುತ್ತವೆ. ಹೋದ ಗಾಳಿಯ ಜಾಗ ತುಂಬಲು ಹೊರಗಾಳಿ ಸಿಕ್ಕ ದಾರಿಯಲ್ಲಿ ಒಳಬರುತ್ತದೆ, ಚಿಮಣಿಯೂ ಒಂದು ದಾರಿಯೇ. ಈಗ ವಾಟರ್ ಹೀಟರ್ ಉರಿಯಲು ಬಿಡಿ. 5 ನಿಮಿಷ ಕಳೆದ ಮೇಲೆ ಅದರ ತಲೆಯ ಮೇಲಿನ ತೆರೆದ ಕೊಡೆಯಂಥ ಭಾಗದ ಅಂಚಿಗೆ ಊದುಬತ್ತಿ ಹಿಡಿಯಿರಿ. ಬತ್ತಿಯ ಹೊಗೆ ಒಳಗೆ ಎಳೆದುಕೊಂಡರೆ ಸರಿ. ನಿಮ್ಮ ಮುಖದ ಕಡೆ ಬಂದರೆ ಹೀಟರ್ ಆರಿಸಿ, ಕಿಟಕಿ ತೆರೆಯಿರಿ, ರಿಪೇರಿಯವರನ್ನು ಕರೆಸಿ. ಗ್ಯಾಸ್ ವಾಸನೆ ಇರುವ ಕಡೆ ಮಾತ್ರ ಊದುಬತ್ತಿಯನ್ನಾಗಲಿ ಬೇರೆ ಬೆಂಕಿಯನ್ನಾಗಲಿ ತರಲೇಬೇಡಿ.

ಗೋಡೆಯ ಹೊರಗೆ

ಪೈಪು ಗೋಡೆ ದಾಟಿದೊಡನೆ ಕೆಲಸ ಮುಗಿಯಲಿಲ್ಲ. ಹೊರಗೆ ಹೋದ ಹೊಗೆ ಕಿಟಕಿಯಿಂದ ವಾಪಸ್ ಬಂದರೆ ಏನು ಬಂತು? ಮನೆಯ ಗಾಳಿಯನ್ನೇ ಉರಿಸಿ, ಫ್ಯಾನಿನಿಂದ ಹೊಗೆ ತಳ್ಳುವ ಫರ್ನೇಸಾದರೆ, ಅದರ ಪೈಪಿನ ಬಾಯಿ ಬಾಗಿಲು ಕಿಟಕಿಗಳಿಗಿಂತ 4 ಅಡಿ ಕೆಳಗೆ, ಅಥವಾ 4 ಅಡಿ ಪಕ್ಕಕ್ಕೆ, ಅಥವಾ 1 ಅಡಿ ಮೇಲೆ ಇರಬೇಕು ಅನ್ನುತ್ತದೆ ಕೋಡ್. ಎರಡು ಪೈಪಿನ ಮೊಹರು ಮಾಡಿದ ಫರ್ನೇಸಿಗೆ ದೂರ ಇನ್ನೂ ಕಡಿಮೆ ಸಾಕು. ಕೆನಡಾದಲ್ಲಿ ಸಿಎಸ್‌ಎ ಬಿ149.1 ಎಂಬ ಬೇರೆ ಕೋಡ್ ಇದೆ, ಅಂತರಗಳೂ ಬೇರೆ. ಸ್ಥಳೀಯ ನಿಯಮ, ಕೈಪಿಡಿ, ಎರಡರಲ್ಲಿ ಯಾವುದು ಬಿಗಿಯೋ ಅದನ್ನೇ ಪಾಲಿಸಿ.

ಹಿಮ ಬೀಳುವ ಕಡೆ ಪೈಪಿನ ಬಾಯಿ ನೆಲದಿಂದ ಅಲ್ಲ, ಹಿಮ ಎಷ್ಟು ಎತ್ತರ ಕೂರುತ್ತದೋ ಅಲ್ಲಿಂದ ಕನಿಷ್ಠ 12 ಇಂಚು ಮೇಲಿರಲಿ. ಒಳಗೆಳೆಯುವ ಪೈಪು, ಹೊರಬಿಡುವ ಪೈಪು ಒಂದಕ್ಕೊಂದು ಮುಖ ಮಾಡಿರಬಾರದು, ಇಲ್ಲದಿದ್ದರೆ ಫರ್ನೇಸ್ ತನ್ನ ಹೊಗೆಯನ್ನೇ ಮತ್ತೆ ಉಸಿರಾಡುತ್ತದೆ.

ಗ್ಯಾಸ್ ಪೈಪು, ಡಕ್ಟು

ಗ್ಯಾಸ್ ಪೈಪಿನ ಕೆಲಸ ಪರವಾನಗಿ ಇರುವವರದ್ದು, ಅದನ್ನು ಕೈಯಾರೆ ಮಾಡಲು ಹೋಗಬೇಡಿ. ಆದರೆ ನಿಂತು ನೋಡಬಹುದು. ಫರ್ನೇಸಿನಿಂದ 6 ಅಡಿಯೊಳಗೆ, ಅದೇ ಕೋಣೆಯಲ್ಲಿ, ಕೈಗೆ ಸಿಗುವಂತೆ ಬಂದ್ ಮಾಡುವ ವಾಲ್ವ್ ಇರಬೇಕು. ವಾಲ್ವಿನ ಬಳಿಕ, ಫರ್ನೇಸಿಗೆ ಸೇರುವ ಮುನ್ನ, ಕೆಳಕ್ಕೆ ಇಳಿಬಿಟ್ಟ 3 ಇಂಚಿನ ಮುಚ್ಚಿದ ತುಂಡು ಪೈಪು ಇರಬೇಕು. ಪೈಪಿನೊಳಗಿನ ತುಕ್ಕು, ಕಸ ಅಲ್ಲಿ ಬೀಳುತ್ತದೆ, ಫರ್ನೇಸಿನೊಳಗಿನ ಗ್ಯಾಸ್ ವಾಲ್ವಿಗೆ ಹೋಗುವುದಿಲ್ಲ. ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಬೆಂಕಿಕಡ್ಡಿ ಗೀರಿ ನೋಡುವ ಹಳೆ ಚಾಳಿ ಜೀವಕ್ಕೇ ಕುತ್ತು.

ಪ್ರೊಪೇನ್ ಬಳಸುವ ಮನೆಯಾದರೆ ಫರ್ನೇಸಿಗೆ ಕನ್ವರ್ಶನ್ ಕಿಟ್ ಹಾಕಲೇಬೇಕು. ನೈಸರ್ಗಿಕ ಅನಿಲಕ್ಕೆ ಬರ್ನರಿನ ಬಳಿ ಒತ್ತಡ 3.5 ಇಂಚು ನೀರಿನ ಮಟ್ಟದಷ್ಟು. ಪ್ರೊಪೇನಿಗೆ 10ರ ಸುತ್ತಮುತ್ತ, ಬರ್ನರಿಗೆ ಗ್ಯಾಸ್ ಬಿಡುವ ತೂತುಗಳೂ ಚಿಕ್ಕವು. ಕಿಟ್ ಇಲ್ಲದೆ ಪ್ರೊಪೇನ್ ಬಿಟ್ಟರೆ ಬೆಂಕಿ ಪೆಟ್ಟಿಗೆಯಿಂದ ಹೊರಗೆ ನಾಲಗೆ ಚಾಚುತ್ತದೆ. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಸೂರಿನ ಕಡೆ ಏರುತ್ತದೆ. ಪ್ರೊಪೇನ್ ಗಾಳಿಯ ಒಂದೂವರೆ ಪಟ್ಟು ಭಾರ. ಸೋರಿದರೆ ನೆಲಮಾಳಿಗೆಯ ಮೂಲೆಯಲ್ಲಿ ನೀರಿನಂತೆ ತಂಗುತ್ತದೆ.

ಡಕ್ಟುಗಳಲ್ಲಿ ನೋಡಬೇಕಾದ್ದು ರಿಟರ್ನ್ ಡಕ್ಟನ್ನು, ಅಂದರೆ ಕೋಣೆಗಳ ತಣ್ಣನೆ ಗಾಳಿಯನ್ನು ಫರ್ನೇಸಿಗೆ ತರುವುದನ್ನು. ಅದರೊಳಗೆ ಬ್ಲೋವರಿನ ಎಳೆತ ಇರುತ್ತದೆ. ಫರ್ನೇಸ್ ಕೋಣೆಯಲ್ಲಿ ಅದರ ಕೀಲು ಬಿಟ್ಟಿದ್ದರೆ ಆ ಕೋಣೆಯ ಗಾಳಿಯನ್ನು ಎಳೆಯುತ್ತದೆ. ಪಕ್ಕದ ವಾಟರ್ ಹೀಟರಿನ ಹೊಗೆಯೂ ಜೊತೆಗೆ ಬಂದು ಎಲ್ಲ ಮಲಗುವ ಕೋಣೆಗಳಿಗೂ ಹಂಚಿಕೆಯಾಗುತ್ತದೆ. ಆ ಕೀಲುಗಳಿಗೆ ಮಾಸ್ಟಿಕ್ ಎಂಬ ಸಂದು ಮುಚ್ಚುವ ಅಂಟು ಬಳಿಸಿ. ಫಿಲ್ಟರ್ ಹಾಕುವ ಸಂದಿಗೂ ಮುಚ್ಚಳ ಇರಲಿ.

ಕೆಲಸದವರು ಹೊರಡುವ ಮೊದಲು

ಕೆಲಸ ಮುಗಿದ ಮೇಲೆ ಫರ್ನೇಸ್ ಹತ್ತಿತು, ಬಿಸಿಗಾಳಿ ಬಂತು ಅಂದರೆ ಸಾಲದು. ಗ್ಯಾಸ್ ಒತ್ತಡ ಅಳೆದಿರಬೇಕು. ಒಳಬರುವ, ಹೊರಹೋಗುವ ಗಾಳಿಯ ಬಿಸಿಯ ವ್ಯತ್ಯಾಸ, ಫರ್ನೇಸಿನ ಫಲಕದ ಮೇಲೆ ಬರೆದ ಮಿತಿಯೊಳಗೆ ಇರಬೇಕು. ಹೊಗೆಯ ಪೈಪಿನಲ್ಲಿ ಅನಲೈಸರ್ ಎಂಬ ಅಳೆಯುವ ಉಪಕರಣ ಇಟ್ಟು ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆಯೆಂದು ನೋಡಿರಬೇಕು. ಈ ಅಳತೆಗಳನ್ನು ಬರೆದ ಚೀಟಿ ಕೇಳಿ ಪಡೆದು ಫರ್ನೇಸಿನ ಬಾಗಿಲ ಒಳಗೆ ಅಂಟಿಸಿ. ಮುಂದಿನ ವರ್ಷ ಸರ್ವಿಸಿಗೆ ಬಂದವರು ಹೋಲಿಸಿ ನೋಡಲು ಅದೊಂದೇ ಆಧಾರ. ಪರ್ಮಿಟ್ ತೆಗೆಸಿ, ಇನ್‌ಸ್ಪೆಕ್ಟರ್ ಬಂದು ನೋಡಲಿ. ಅವರು ಬರುವುದು ನಿಮ್ಮ ಪರವಾಗಿ.

ಕೊನೆಯದಾಗಿ ಕಾರ್ಬನ್ ಮೊನಾಕ್ಸೈಡ್ ಅಲಾರಂ. ಪ್ರತಿ ಮಹಡಿಯಲ್ಲೂ ಒಂದು, ಮಲಗುವ ಕೋಣೆಗಳ ಹೊರಗೂ ಒಂದು. ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿದಿರಲಿ. ಅಮೆರಿಕದ ಯುಎಲ್ 2034 ಮಾನದಂಡದಂತೆ, ಹತ್ತು ಲಕ್ಷದಲ್ಲಿ 400 ಪಾಲು ಇದ್ದರೆ 4ರಿಂದ 15 ನಿಮಿಷದಲ್ಲಿ ಕೂಗಬೇಕು. 70 ಪಾಲು ಮಾತ್ರ ಇದ್ದರೆ ಒಂದರಿಂದ ನಾಲ್ಕು ಗಂಟೆ ಸುಮ್ಮನಿರಬಹುದು. ಅಂದರೆ ಅಲಾರಂ ಕೂಗಲಿಲ್ಲ ಎಂದರೆ ಮನೆಯ ಗಾಳಿ ಶುದ್ಧ ಎಂದಲ್ಲ, ಇನ್ನೂ ಪ್ರಾಣಕ್ಕೆ ಬಂದಿಲ್ಲ ಎಂದಷ್ಟೇ. ಅದಕ್ಕೂ ಆಯಸ್ಸಿದೆ. ಹಿಂಬದಿಯ ತಾರೀಖು ನೋಡಿ, ಅವಧಿ ಮುಗಿದಿದ್ದರೆ ಹೊಸದು ತನ್ನಿ. ಕೂಗಿದ ರಾತ್ರಿ ಕಾರಣ ಹುಡುಕುತ್ತಾ ಫರ್ನೇಸ್ ಕೋಣೆಗೆ ಇಳಿಯಬೇಡಿ. ಮಲಗಿದವರನ್ನು ಎಬ್ಬಿಸಿ, ಎಲ್ಲರೂ ಹೊರಗೆ ಬನ್ನಿ, ತಲೆ ಎಣಿಸಿ, ಅಲ್ಲಿಂದ ಅಗ್ನಿಶಾಮಕದವರಿಗೆ ಫೋನ್ ಮಾಡಿ. ಅವರು ಅಳೆದು, ಸರಿ ಎನ್ನುವವರೆಗೆ ಒಳಗೆ ಕಾಲಿಡಬೇಡಿ.